ಶಾಲು ಹೊದಿಸುವ ಮೊದಲು ಸೀಟಿ ಇಸಿದುಕೊಳ್ಳಿ

ಸೈಕಲ್ ಶರ್ಯತ್ತಿನ ಹಿರಿಯ ನಿರ್ಣಾಯಕರೊಬ್ಬರು "ಇನ್ನ ನನ್ನ ಕಡಿಂದ ಆಗೂದಿಲ್ರಿ, ಈ ವರ್ಷ ಬಿಟ್ಟಬಿಡತೇನಿ" ಅಂದರೆ ನಮ್ಮ ಊರುಗಳಲ್ಲಿ ಮುಂದೆ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ರಾಣಿ ಚನ್ನಮ್ಮನ ಕಟ್ಟು ಹಾಕಿಸಿದ ಫೋಟೊ. ಸೈಕಲ್ ಹತ್ತಿ ಎಷ್ಟು ವರ್ಷವಾಯಿತೋ ನೆನಪಿಲ್ಲದ ಅತಿಥಿಗಳು ಕ್ರೀಡೆ ಮತ್ತು ಆರೋಗ್ಯದ ಬಗ್ಗೆ ಮಾತಾಡುತ್ತಾರೆ. ಮರುದಿನದ ಪೇಪರಿನಲ್ಲಿ ಸಣ್ಣದೊಂದು ಸುದ್ದಿ. ಮುಂದಿನ ಶರ್ಯತ್ತಿಗೆ ಗೆರೆಯ ಪಕ್ಕ ಯಾರು ನಿಲ್ಲುತ್ತಾರೆ ಎಂಬುದೊಂದನ್ನು ಬಿಟ್ಟು ಆ ಸಮಾರಂಭದಲ್ಲಿ ಎಲ್ಲದರ ಮಾತೂ ಬರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನರೇ, ನಾನು ಕೇಳಬೇಕೆಂದಿರುವುದು ಅದೊಂದನ್ನೇ. ಆ ಶಾಲಿನಿಂದ ನಾವು ಋಣ ತೀರಿಸುತ್ತಿಲ್ಲ, ತೀರಿತು ಎಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೇವೆ, ಅಷ್ಟೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತವರನ್ನು ನಿಜವಾಗಿ ಗೌರವಿಸಬೇಕಾದರೆ ದಾರಿ ಒಂದೇ: ಅವರು ಹೋಗುವುದಕ್ಕೆ ಮೊದಲು ಅವರ ಪಕ್ಕದಲ್ಲಿ ಹೋಗಿ ನಿಲ್ಲಬೇಕು.

ಅವರು ಅಲ್ಲಿ ನಿಂತು ಮಾಡುತ್ತಿದ್ದದ್ದು ಏನು ಎಂಬುದನ್ನೇ ನಮ್ಮಲ್ಲಿ ಬಹಳ ಜನ ಸರಿಯಾಗಿ ನೋಡಿಲ್ಲ. ನಾವು ನೋಡುವುದು ಸವಾರರನ್ನು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶರ್ಯತ್ತು ಮುಗಿಯುವ ಗೆರೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅಳತೆ ಹೇಳಿದೆ. ರಸ್ತೆಗೆ ಅಡ್ಡಲಾಗಿ 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ, ಅದರ ನಟ್ಟನಡುವೆ 4 ಸೆಂಟಿಮೀಟರಿನ ಕರಿ ಗೆರೆ. ಮುಂದಿನ ಗಾಲಿಯ ಟೈರು ಆ ಗೆರೆಯ ಅಂಚಿನ ನೇರಕ್ಕೆ ಯಾರದ್ದು ಮೊದಲು ಬಂತೋ ಅವರು ಗೆದ್ದರು. ಸವಾರನ ತಲೆ, ಎದೆ, ಮುಂದೆ ಚಾಚಿದ ಕೈ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಕಡೆ ಆ ಬಣ್ಣಕ್ಕೂ ಗತಿಯಿಲ್ಲದೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದುಂಟು. ಎರಡು ಬೈಕು, ಒಂದು ಜೀಪು ದಾಟುವುದರೊಳಗೆ ಅದು ಅರ್ಧ ಅಳಿಸಿರುತ್ತದೆ. ನಿರ್ಣಾಯಕರೇ ಬಗ್ಗಿ ಮತ್ತೆ ಎಳೆಯುತ್ತಾರೆ.

ಕೊನೆಯ ಇನ್ನೂರು ಮೀಟರಿನಲ್ಲಿ ಹತ್ತು ಹದಿನೈದು ಹುಡುಗರು ಒಂದೇ ಗುಂಪಾಗಿ ನುಗ್ಗಿ ಬರುತ್ತಾರೆ. ಗಂಟೆಗೆ 54 ಕಿಲೋಮೀಟರ್ ವೇಗ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 15 ಮೀಟರ್. ರೇಸ್ ಸೈಕಲ್ಲಿನ ಗಾಲಿ ಈ ಅಂಚಿನಿಂದ ಆ ಅಂಚಿಗೆ ಸುಮಾರು 68 ಸೆಂಟಿಮೀಟರ್. ಅರ್ಧ ಗಾಲಿಯ ಅಂತರದಲ್ಲಿ ಒಬ್ಬ ಗೆದ್ದ ಎಂದರೆ ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ಇರುವುದು ಒಂದು ಸೆಕೆಂಡಿನ ನಲವತ್ತನೇ ಒಂದು ಪಾಲಿಗಿಂತ ಕಡಿಮೆ. ಕಣ್ಣು ಒಮ್ಮೆ ಮಿಟುಕಿದರೆ ಶರ್ಯತ್ತು ಹೋಯಿತು. ದೊಡ್ಡ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಫೋಟೊ ಫಿನಿಶ್ ಕ್ಯಾಮೆರಾ ಇರುತ್ತದೆ. ನಮ್ಮ ರಸ್ತೆಯ ಮೇಲೆ ಇರುವುದು ಇಬ್ಬರು: ನಂಬರುಗಳನ್ನು ಬಂದ ಸಾಲಿನಲ್ಲೇ ಕೂಗಿ ಹೇಳುವವರು ಒಬ್ಬರು, ತಲೆ ಎತ್ತದೆ ಬರೆದುಕೊಳ್ಳುವವರು ಇನ್ನೊಬ್ಬರು. ಬರೆಯುವವರು ತಲೆ ಎತ್ತಿ ನೋಡಿದರೆ ಎರಡು ನಂಬರು ಕೈತಪ್ಪುತ್ತವೆ.

ಆಮೇಲೆ ತಕರಾರು ಶುರುವಾಗುತ್ತದೆ. "ಸರs, ನಮ್ಮ ಹುಡುಗನ ಗಾಲಿ ಮುಂದ ಇತ್ತರಿ. ವಿಡಿಯೋ ಐತ್ರಿ ನಮ್ಮ ಕಡೆ." ಮೊಬೈಲ್ ಮುಂದೆ ಬರುತ್ತದೆ, ಸುತ್ತ ನಲವತ್ತು ತಲೆ. ಪಾಪ, ಆ ವಿಡಿಯೋ ಏನು ಹೇಳಬಲ್ಲದು? ಸಾಮಾನ್ಯ ಮೊಬೈಲ್ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ. ಸೆಕೆಂಡಿಗೆ 15 ಮೀಟರ್ ಓಡುವ ಸೈಕಲ್ಲು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಇಬ್ಬರ ನಡುವಿನ ಅಂತರವೇ 34 ಸೆಂಟಿಮೀಟರ್ ಇದ್ದಾಗ ಆ ತೀರ್ಮಾನದ ಗಳಿಗೆ ಎರಡು ಚಿತ್ರಗಳ ನಡುವೆ ಬಿದ್ದು ಹೋಗಿರಬಹುದು. ಅದಲ್ಲದೆ ವಿಡಿಯೋ ತೆಗೆದವನು ಗೆರೆಯ ನೇರಕ್ಕೆ ನಿಂತಿರುವುದಿಲ್ಲ. ಹತ್ತು ಮೀಟರ್ ಆಚೆ ಓರೆಯಾಗಿ ನಿಂತು ತನ್ನ ಹುಡುಗನ ಮೇಲೆ ಕ್ಯಾಮೆರಾ ಹಿಡಿದಿರುತ್ತಾನೆ. ಓರೆಯಿಂದ ನೋಡಿದರೆ ಹಿಂದಿದ್ದವನೂ ಮುಂದಿದ್ದಂತೆ ಕಾಣಬಹುದು. ಗೆರೆಯ ನೇರದಲ್ಲಿ ನಿಂತು, ಯಾರ ಕಡೆಯವನೂ ಆಗಿರದೆ ನೋಡಿದ ಎರಡು ಕಣ್ಣು ಆ ಇಡೀ ರಸ್ತೆಯಲ್ಲಿ ಒಬ್ಬರಿಗೆ ಮಾತ್ರ ಇದ್ದವು. ಆ ಒಬ್ಬರ ಅಂಗಿಯ ಕಾಲರನ್ನು ನಾವು ಹಿಡಿಯುತ್ತೇವೆ.

ಇಷ್ಟಕ್ಕೆಲ್ಲ ಯಾಕೆ ಜಗಳ, ಒಂದು ಕಪ್ಪಿಗೆ, ಎರಡು ಸಾವಿರ ರೂಪಾಯಿಗೆ ಎಂದು ಪಟ್ಟಣದ ಓದುಗರಿಗೆ ಅನ್ನಿಸಬಹುದು. ಕಪ್ಪಿಗಲ್ಲ. ಎರಿ ಹೊಲದ ಎರಡು ಎಕರೆಯಲ್ಲಿ ಹತ್ತಿಯೋ ಕಡಲೆಯೋ ಬೆಳೆಯುವ ಮನೆಯ ಹುಡುಗನಿಗೆ ಆ ಫಲಿತಾಂಶದ ಹಾಳೆಯೇ ಮುಂದಿನ ದಾರಿ. ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಅಲ್ಲಿ ಕಣ್ಣಿಗೆ ಬಿದ್ದರೆ ಕ್ರೀಡಾ ವಸತಿ ನಿಲಯದಲ್ಲಿ ಒಂದು ಸೀಟು, ಊಟ, ಸೈಕಲ್ಲು. ಆಮೇಲೆ ರೈಲ್ವೆಯಲ್ಲೋ ಸೈನ್ಯದಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿದ್ದು ಹೀಗೆ. ನಮ್ಮ ಕಡೆಯೂ ಹೌದು. ರಾಮದುರ್ಗ ತಾಲ್ಲೂಕಿನ ಕೆ. ಚಂದರಗಿಯ ಕ್ರೀಡಾ ಶಾಲೆಯ ಮಕ್ಕಳ ಹೆಸರು ರಾಜ್ಯಮಟ್ಟದ ಸೈಕ್ಲಿಂಗ್ ಫಲಿತಾಂಶಗಳಲ್ಲಿ ವರ್ಷವರ್ಷವೂ ಕಾಣುತ್ತದೆ. ಅದೇ ತಾಲ್ಲೂಕಿನ ಊರೊಂದರ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಸೈಕ್ಲಿಸ್ಟ್ ಪ್ರೇಮಲತಾ ಸುರೇಬಾನ ಯಾರೆಂದು ಕರ್ನಾಟಕದ ಸೈಕ್ಲಿಂಗ್ ಬಲ್ಲವರಿಗೆ ಹೇಳಬೇಕಿಲ್ಲ. ಮೂರನೆಯವನು, ನಾಲ್ಕನೆಯವನು ಎಂದು ಬರೆಯುವ ಒಂದು ಪೆನ್ನಿನ ಗೀಟು ಹುಡುಗನೊಬ್ಬನನ್ನು ಹಾಸ್ಟೆಲಿಗೆ ಕಳಿಸುತ್ತದೆ, ಇನ್ನೊಬ್ಬನನ್ನು ಕಬ್ಬು ಕಡಿಯುವ ಗ್ಯಾಂಗಿಗೆ.

ಆದ್ದರಿಂದಲೇ ಒತ್ತಡ ಬರುತ್ತದೆ. ಬೆಳಿಗ್ಗೆ ಐದಕ್ಕೆ ಫೋನು. "ನೋಡ್ರಿ, ಶರ್ಯತ್ತಿಗೆ ಹಣಾ ಕೊಟ್ಟಾವರ ಅಣ್ಣನ ಮಗಾ ಅದಾನ, ಸ್ವಲ್ಪ ಲಕ್ಷ್ಯ ಇರಲಿ." ಇಲ್ಲ ಎನ್ನಲು ಈ ಮನುಷ್ಯನ ಬಳಿ ಯಾವ ಅಧಿಕಾರವಿದೆ? ಸಂಬಳವಿಲ್ಲ. ಸಿಕ್ಕರೆ ಬಸ್ ಚಾರ್ಜು, ಒಂದು ಟೊಪ್ಪಿಗೆ, ಮಧ್ಯಾಹ್ನದ ಊಟ. ಸವಾರರ ಮಟ್ಟಿಗೆ ಹವ್ಯಾಸಿ, ವೃತ್ತಿಪರ ಎಂಬ ಗೋಡೆ ಎಂದೋ ಬಿದ್ದು ಹೋಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ವೃತ್ತಿಪರ ಸೈಕ್ಲಿಸ್ಟರೂ ಇಳಿದರು. ರಸ್ತೆ ಬದಿಯ ನಿರ್ಣಾಯಕ ಮಾತ್ರ ಅಂದಿನಿಂದ ಇಂದಿನವರೆಗೆ ತನ್ನ ಮನೆಯ ಚಹಾ ಕುಡಿದು ಊರಿನ ಕೆಲಸ ಮಾಡುವ ಹವ್ಯಾಸಿಯೇ. ಅಂಥವರು ಆ ಫೋನಿಗೆ "ಗೆರಿ ಮ್ಯಾಲೆ ಅಣ್ಣನ ಮಗಾ ಅಂತ ಬರಿಯಾಕ ಜಾಗಾ ಇಲ್ರಿ, ನಂಬರ ಅಷ್ಟ ಬರೀತೀವಿ" ಎಂದು ಹೇಳಿ, ಆ ಮನೆಯ ಮದುವೆಯ ಕರೆಯೋಲೆಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾರೆ. ಇಂಥ ಸಿಟ್ಟುಗಳನ್ನು ಹೊತ್ತು ಹೊತ್ತು ಸಾಕಾದವರೇ ಒಂದು ದಿನ ಬಿಟ್ಟುಬಿಡುತ್ತೇನೆ ಅನ್ನುವುದು. ಮೊಣಕಾಲು ನೋವು ಎಂಬುದು ಹೊರಗೆ ಹೇಳುವ ಮಾತು.

ಇಷ್ಟೇ ಆಗಿದ್ದರೆ ಗೆರೆಯ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಕೊಂಡು ಇಡಬಹುದಿತ್ತು. ಆದರೆ ಅವರ ಕೆಲಸದ ಬಹುಪಾಲು ಗೆರೆಯಿಂದ ದೂರದಲ್ಲಿದೆ. ನಮ್ಮ ನಾಲ್ಕು ತಾಲ್ಲೂಕಿನ ರಸ್ತೆ ಗೊತ್ತಿಲ್ಲದವರು ಇಲ್ಲಿ ಶರ್ಯತ್ತು ನಡೆಸಬಾರದು. ಕಿತ್ತೂರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ಅಲ್ಲಿ ಗುಂಪು ಬಿಡುವ ಮಾತೇ ಇಲ್ಲ. ಆಷಾಢದಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದರೆ ರಾಮದುರ್ಗದ ಕಡೆಯಿಂದ ಯರಗಟ್ಟಿಯತ್ತ ಬರುವ ಹುಡುಗ ಗುಂಪು ಬಿಟ್ಟು ಒಂಟಿಯಾದನೋ, ಅವನ ಕತೆ ಮುಗಿದಂತೆ. ಮುಂದಿನವನ ಬೆನ್ನಿಗೆ ಅಂಟಿಕೊಳ್ಳಲು ಎಲ್ಲರೂ ರಸ್ತೆಯ ಒಂದೇ ಅಂಚಿಗೆ ಒತ್ತುತ್ತಾರೆ, ಅಲ್ಲೇ ಗಾಲಿಗೆ ಗಾಲಿ ತಾಗುವುದು. ಕಾರ್ಖಾನೆಗಳು ಕಬ್ಬು ಅರೆಯಲು ಹಿಡಿದ ಮೇಲೆ ಎರಡು ಟ್ರೇಲರ್ ಜೋಡಿಸಿಕೊಂಡ ಟ್ರಾಕ್ಟರ್, ಹಿಂದಿನ ದೀಪ ಇಲ್ಲ, ರಸ್ತೆ ತುಂಬ ಬಿದ್ದ ಕಬ್ಬಿನ ಜಲ್ಲೆ. ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ವೀರಭದ್ರನ ಕಡೆಯೂ ಜನ, ಯಲ್ಲಮ್ಮನ ಗುಡ್ಡದ ಕಡೆಯೂ ಜನ. ಭರತ ಹುಣ್ಣಿಮೆಗಂತೂ ಸವದತ್ತಿಯ ದಾರಿಯಲ್ಲಿ ಕಾಲಿಡಲು ಆಗದು. ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ನೋಡಬೇಕು ಎಂದು ಯಾವ ನಿಯಮ ಪುಸ್ತಕದಲ್ಲೂ ಬರೆದಿಲ್ಲ. ಇದು ಹಿರಿಯರ ತಲೆಯಲ್ಲಿದೆ. ಯಾವ ಊರ ಮುಂದೆ ರಾತ್ರೋರಾತ್ರಿ ಹಂಪ್ ಹಾಕಿದ್ದಾರೆ, ಯಾವ ಇಳಿಜಾರಿನ ಕೆಳಗೆ ಮಣ್ಣು ಹರಿದು ಬಂದಿದೆ ಎಂಬುದೂ. ಹಿಂದಿನ ದಿನ ಬೈಕಿನಲ್ಲಿ ಪೂರ್ತಿ ದಾರಿ ಓಡಾಡಿ ನೋಡಿಕೊಂಡು ಬರುತ್ತಾರೆ. ಪೆಟ್ರೋಲು ಅವರದೇ.

ದಾರಿ ತಿರುಗುವ ಜಾಗದಲ್ಲಿ ನಿಲ್ಲುವವರ ಬಗ್ಗೆ ಒಂದು ಮಾತು. ಇಪ್ಪತ್ತು ಕಿಲೋಮೀಟರ್ ದೂರದ ಬಯಲಲ್ಲಿ ರಸ್ತೆ ನಡುವೆ ಒಂದು ಡ್ರಮ್ಮು, ಅದರ ಪಕ್ಕ ಒಬ್ಬರು, ಕೈಯಲ್ಲಿ ನೋಟಬುಕ್ಕು. ಬಂದ ಪ್ರತಿ ನಂಬರನ್ನೂ ಬರೆದುಕೊಳ್ಳಬೇಕು. ನಡುವೆಯೇ ತಿರುಗಿಬಿಟ್ಟವನು ಸಿಕ್ಕಿಬೀಳುವುದು ಆ ನೋಟಬುಕ್ಕಿನಿಂದ. ಅಲ್ಲಿ ನೆರಳಿಲ್ಲ, ಚಪ್ಪಾಳೆಯಿಲ್ಲ, ಬಹುಮಾನ ಹಂಚುವ ಹೊತ್ತಿಗೆ ಅವರನ್ನು ಕರೆತರಬೇಕೆಂಬ ನೆನಪೂ ಯಾರಿಗೂ ಇರುವುದಿಲ್ಲ.

ಮತ್ತು ಆಂಬುಲೆನ್ಸು. ಅದು ಬರುವವರೆಗೆ ಸೀಟಿ ಊದುವುದಿಲ್ಲ ಎಂದು ಹಟ ಹಿಡಿಯುವವರು ಬೇಕು. ಅತಿಥಿಗಳು ಬಂದು ಕುರ್ಚಿಯಲ್ಲಿ ಕೂತಿದ್ದಾರೆ, ಬಿಸಿಲು ಏರುತ್ತಿದೆ, ಧ್ವನಿವರ್ಧಕದವನು ಮೂರು ಸಲ ಹೆಸರು ಕೂಗಿದ್ದಾನೆ. "ಬಿಡ್ರಿ ಇನ್ನ, ಏನ ಆಗೂದಿಲ್ಲ" ಎಂದು ಹತ್ತು ಜನ ಅನ್ನುತ್ತಾರೆ. ಆಗ ಆಗುವುದಿಲ್ಲ ಎನ್ನಲು ಬೇಕಾದ ಎದೆ ಪರೀಕ್ಷೆ ಬರೆದು ಬರುವುದಿಲ್ಲ, ಅದನ್ನು ಇನ್ನೊಬ್ಬರಲ್ಲಿ ಕಣ್ಣಾರೆ ನೋಡಿರಬೇಕು.

ಇದನ್ನೆಲ್ಲ ಯಾರು ಕಲಿತುಕೊಳ್ಳುತ್ತಿದ್ದಾರೆ? ಇಲ್ಲಿ ಹಿರಿಯರಿಗೂ ಒಂದು ಕಟು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬಾರದು. ಸ್ಟಾಪ್‌ವಾಚನ್ನು ಹುಡುಗರ ಕೈಗೆ ಕೊಡದೆ ಅಂಗಿಯೊಳಗೆ ಇಟ್ಟುಕೊಂಡವರು ನಿಮ್ಮಲ್ಲೂ ಇದ್ದೀರಿ. ಪಕ್ಕಕ್ಕೆ ಬಂದ ಇಪ್ಪತ್ತೈದರ ಹುಡುಗನನ್ನು "ನಿನಗೇನ ತಿಳೀತೈತೋ ತಮ್ಮಾ, ನೀರ ತಗೊಂಡ ಬಾ ಹೋಗು" ಎಂದು ಕಳಿಸಿದವರು ಇದ್ದೀರಿ. ಅವನು ನೀರು ತರಲು ಹೋದವನು ತಿರುಗಿ ಬರಲಿಲ್ಲ. ಕೆಲಸ ಬಿಡುವುದು ನಿಮ್ಮ ಹಕ್ಕು, ಯಾರೂ ತಡೆಯಬಾರದು. ಕಲಿಸದೆ ಬಿಡುವ ಹಕ್ಕು ಮಾತ್ರ ನಿಮಗಿಲ್ಲ. ಬಿಡುವ ವರ್ಷವನ್ನು ಒಂದು ವರ್ಷ ಮೊದಲೇ ಹೇಳಿ. ಆ ಕೊನೆಯ ವರ್ಷ ನಂಬರು ಕೂಗುವುದು ಹೊಸಬರು, ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ನೀವು.

ಕುರ್ಚಿಯ ವಿಷಯ ಬೇರೆ. ಕ್ರೀಡಾ ಸಂಸ್ಥೆಗಳ ಅಧ್ಯಕ್ಷ, ಕಾರ್ಯದರ್ಶಿ ಕುರ್ಚಿಗಳಿಂದ ಎಬ್ಬಿಸಲು ಈ ದೇಶಕ್ಕೆ ಕಾನೂನೇ ಬೇಕಾಯಿತು. 2011ರ ಕ್ರೀಡಾ ಸಂಹಿತೆ, ಅದರ ಮೇಲೆ ಕೋರ್ಟು ಕಚೇರಿ, ಈಗ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ. ವಯಸ್ಸು ಎಷ್ಟಿರಬೇಕು, ಸತತವಾಗಿ ಎಷ್ಟು ಅವಧಿ ಕೂಡಬಹುದು ಎಂದೆಲ್ಲ ಬರೆದಿಡಬೇಕಾಯಿತು. ಬಿಸಿಲಲ್ಲಿ ನಿಲ್ಲುವ ಜಾಗಕ್ಕೆ ಅಂಥ ಕಾನೂನಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿಂದ ಎಬ್ಬಿಸುವ ಕಷ್ಟವಿಲ್ಲ, ಬಂದು ನಿಲ್ಲುವವರದೇ ಕೊರತೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಮಾಧಾನದಿಂದ ಮಾತಾಡಲು ಆಗುವುದಿಲ್ಲ. 2022ರಲ್ಲಿ ಭಾರತದ ಸೈಕ್ಲಿಂಗ್ ತಂಡ ಸ್ಲೊವೇನಿಯಾದಲ್ಲಿ ತರಬೇತಿಯಲ್ಲಿದ್ದಾಗ ಸವಾರಳೊಬ್ಬಳು ತನ್ನ ಕೋಚ್ ಅಸಭ್ಯವಾಗಿ ನಡೆದುಕೊಂಡರೆಂದು ದೂರು ಕೊಟ್ಟಳು. ಆ ತಂಡದ ಜೊತೆ ಮಹಿಳಾ ಕೋಚ್ ಇರಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ ಆ ಕೋಚ್‌ನ ಒಪ್ಪಂದ ರದ್ದು ಮಾಡಿತು. ಆಮೇಲೆಯೇ ಹೆಣ್ಣುಮಕ್ಕಳು ಇರುವ ತಂಡದ ಜೊತೆ ಮಹಿಳಾ ಕೋಚ್ ಹೋಗಲೇಬೇಕೆಂಬ ಸೂಚನೆ ಬಂತು. ಸ್ಲೊವೇನಿಯಾ ದೂರವಾಯಿತು. ನಮ್ಮ ತಾಲ್ಲೂಕಿನ ಶರ್ಯತ್ತಿನಲ್ಲಿ ಹದಿನಾಲ್ಕರ ಹುಡುಗಿಯ ಬೆನ್ನಿಗೆ ನಂಬರು ಪಿನ್ನು ಮಾಡುವವರು ಯಾರು? ಒಂಟಿ ಸವಾರಿಯ ಸ್ಪರ್ಧೆಯಲ್ಲಿ ಅವಳ ಸೀಟು ಹಿಡಿದು ನಿಲ್ಲುವವರು ಯಾರು? ಬಿದ್ದು ತೊಡೆ ಕಿತ್ತುಕೊಂಡಾಗ ಅವಳನ್ನು ಎತ್ತುವವರು ಯಾರು? ಎಲ್ಲ ಗಂಡಸರು. ಬಹುತೇಕರು ಒಳ್ಳೆಯವರೇ ಇರಬಹುದು. ಆದರೆ ಒಳ್ಳೆಯವರಿದ್ದಾರೆ ಎಂಬ ಭರವಸೆಯ ಮೇಲೆ ಮಕ್ಕಳನ್ನು ರಸ್ತೆಗೆ ಬಿಡುವುದು ವ್ಯವಸ್ಥೆ ಅಲ್ಲ. ದತ್ತಕದ ಹಕ್ಕಿಗಾಗಿ ಕಿತ್ತೂರಿನ ಚನ್ನಮ್ಮನೆಂಬ ಹೆಣ್ಣುಮಗಳು 1824ರಲ್ಲಿ ಕಂಪನಿ ಸರ್ಕಾರಕ್ಕೆ ಎದುರು ನಿಂತ ನೆಲ ಇದು. ಅದೇ ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ನಡೆಯುತ್ತಿದೆ, ಅಲ್ಲಿ ಹುಡುಗಿಯರು ಕುದುರೆ ಹತ್ತುತ್ತಾರೆ. ಗೆರೆಯ ಪಕ್ಕ ನಿಲ್ಲಲು ನಾಲ್ಕು ತಾಲ್ಲೂಕಿನಿಂದ ನಾಲ್ಕು ಜನ ಶಿಕ್ಷಕಿಯರು, ತಾಯಂದಿರು, ಹಿಂದೆ ಸವಾರಿ ಮಾಡಿದ ಅಕ್ಕಂದಿರು ಸಿಗುವುದಿಲ್ಲವೆ? ಸಿಗುತ್ತಾರೆ. ನಾವು ಕೇಳಿಲ್ಲ.

ಕೇಳಬೇಕಾದವರು ಇನ್ನೂ ಇದ್ದಾರೆ. ಸರ್ಟಿಫಿಕೇಟಿನಿಂದ ನೌಕರಿ ಹಿಡಿದು ಹುಬ್ಬಳ್ಳಿಯಲ್ಲೋ ಸಿಕಂದರಾಬಾದಿನಲ್ಲೋ ಇರುವ ಹಳೆಯ ಸವಾರರೇ, ನಿಮ್ಮ ಹೆಸರನ್ನು ಹಾಳೆಯಲ್ಲಿ ಸರಿಯಾದ ಸಾಲಿನಲ್ಲಿ ಬರೆದವರೊಬ್ಬರು ಇದ್ದರು. ಅವರ ಹೆಸರು ನಿಮಗೆ ನೆನಪಿದೆಯೆ? ದೀಪಾವಳಿಗೆ ಊರಿಗೆ ಬಂದಾಗ ಹೊಸ ಬೈಕು ತೋರಿಸಿದ್ದು ಸಾಕು. ಒಂದು ಭಾನುವಾರ ತಿರುವಿನ ಡ್ರಮ್ಮಿನ ಪಕ್ಕ ನಿಂತುಕೊಳ್ಳಿ. ದೈಹಿಕ ಶಿಕ್ಷಕರೇ, ನಿಮ್ಮ ಮೇಲೆ ಜನಗಣತಿಯಿಂದ ಚುನಾವಣೆಯವರೆಗೆ ಎಲ್ಲ ಹೊರೆ ಇದೆ, ಎಷ್ಟೋ ಶಾಲೆಗಳಲ್ಲಿ ನಿಮ್ಮ ಹುದ್ದೆಯೇ ಖಾಲಿ ಇದೆ, ಗೊತ್ತು. ಆದರೂ ಓಟದ ಗುಂಡು ಹಾರಿಸಲು, ಸಮಯ ಹಿಡಿಯಲು ಕಲಿತವರು ಹಳ್ಳಿಯಲ್ಲಿ ನೀವಷ್ಟೇ. ಭಾರತೀಯ ಸೈಕ್ಲಿಂಗ್ ಒಕ್ಕೂಟ ನಿರ್ಣಾಯಕರಿಗೆ ತರಬೇತಿ, ಪರೀಕ್ಷೆ ನಡೆಸುತ್ತದೆ. ನಾಲ್ಕು ತಾಲ್ಲೂಕಿನಿಂದ ವರ್ಷಕ್ಕೆ ಇಬ್ಬರಾದರೂ ಹೋಗಿ ಕೂಡಿ. ಹೋಗಿಬರುವ ಖರ್ಚನ್ನು ಜಾತ್ರೆ ಕಮಿಟಿಯವರು ಕೊಡಲಿ. ಒಂದು ರಾತ್ರಿಯ ಪಟಾಕಿಗಿಂತ ಅದು ಹೆಚ್ಚೇನೂ ಆಗದು.

ಕಮಿಟಿಯವರೇ, ನಿಮ್ಮಲ್ಲಿ ಮತ್ತೊಂದು ವಿನಂತಿ. ಹಣ ಕೊಟ್ಟವರನ್ನು ವೇದಿಕೆಯ ಮೇಲೆ ಕೂಡಿಸಿ, ಗೆರೆಯ ಹತ್ತಿರ ಬೇಡ. ಸಾದಾ ಸೈಕಲ್ಲಿನ ಹುಡುಗರನ್ನೂ ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ಲಿನವರನ್ನೂ ಒಂದೇ ಗುಂಪಿನಲ್ಲಿ ಬಿಡಬೇಡಿ ಎಂದು ನಿರ್ಣಾಯಕರು ಹೇಳಿದರೆ ಕೇಳಿ. ಕರಪತ್ರದಲ್ಲಿ ಬಹುಮಾನ ಕೊಡುವವರ ಮೂವತ್ತು ಹೆಸರು ಅಚ್ಚು ಹಾಕಿಸುವಾಗ ನಿರ್ಣಾಯಕರ ಹೆಸರಿಗೂ ಒಂದು ಸಾಲು ಇರಲಿ. ಅವರ ತೀರ್ಪಿನ ಮೇಲೆ ತಕರಾರಿದ್ದರೆ ಬರೆದು ಕೊಡಬೇಕು, ಮೈಮೇಲೆ ಬೀಳುವಂತಿಲ್ಲ ಎಂಬುದನ್ನೂ ಅದೇ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ.

ಇನ್ನು ಸರ್ಕಾರದ ಮಾತು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹಳ್ಳಿಯ ಎಷ್ಟೋ ಹುಡುಗಿಯರು ಮೊದಲ ಸಲ ತಮ್ಮದೇ ಎನ್ನುವ ಸೈಕಲ್ ಹತ್ತಿದ್ದು ಆಗ. ಕೋವಿಡ್ ಬಂದದ್ದೇ ನೆಪ, ಯೋಜನೆ ನಿಂತಿತು. ವಿಜಯಪುರದಲ್ಲಿ ಸೈಕಲ್ ಸ್ಪರ್ಧೆಗೆಂದು ಕಟ್ಟುತ್ತಿದ್ದ ವೆಲೋಡ್ರೋಮ್ ವರ್ಷಗಟ್ಟಲೆ ಅರ್ಧಕ್ಕೇ ನಿಂತಿದ್ದನ್ನೂ ನೋಡಿದ್ದೇವೆ. ಸರ್ಕಾರವನ್ನು ಬೈಯಬೇಕು, ಬೈಯೋಣ, ಅರ್ಜಿ ಬರೆಯೋಣ. ಆದರೆ ಸುಣ್ಣದ ಗೆರೆ ಎಳೆಯಲು, ಒಂದು ನೋಟಬುಕ್ಕು ಹಿಡಿದು ನಿಲ್ಲಲು ಸರ್ಕಾರದ ಆದೇಶ ಬೇಕಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. ಚನ್ನಮ್ಮನ ಕೋಟೆ ಕಿತ್ತೂರಿನಲ್ಲಿದೆ, 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ನಡುವೆ ಒಂದು ಬೆಳಗಿನ ಸವಾರಿಯಷ್ಟೇ ದಾರಿ. ಆ ದಾರಿಯಲ್ಲಿ ಮಕ್ಕಳ ಶರ್ಯತ್ತೊಂದನ್ನು ಇಡೋಣ, ಸವದತ್ತಿ, ರಾಮದುರ್ಗದವರೂ ಬರಲಿ. ಕೆಲಸ ಬಿಡುತ್ತೇನೆಂದ ಹಿರಿಯರೊಬ್ಬರನ್ನು ಅಂದು ಕರೆಯೋಣ, ಭಾಷಣಕ್ಕಲ್ಲ, ಕಲಿಸಲು. ಬರುವ ಮನಸ್ಸಿರುವವರು ಬೆಳಿಗ್ಗೆ ಐದೂವರೆಗೆ ಗೆರೆಯ ಹತ್ತಿರ ಇರಬೇಕು. ಟೊಪ್ಪಿಗೆ, ಕುಡಿಯುವ ನೀರು, ಎರಡು ಪೆನ್ನು ನಿಮ್ಮದೇ ತನ್ನಿ. ಶಾಲು ತರಬೇಡಿ.